ಹೊಳೆದಂಡೆಯ ಕುಣಿ, ಬಾಗಿದ ದುರ್ಬೀನು

"ತಲಿ ತಗ್ಗಸ್ರಿ."

ಗಿರಿಮಲ್ಲಪ್ಪ ನನ್ನೊಡನೆ ಆಡುವ ಮೊದಲ ಮಾತು ಇದು. ನಮಸ್ಕಾರವಿಲ್ಲ, ಯಾವೂರು ಎಂಬ ವಿಚಾರಣೆಯೂ ಇಲ್ಲ. ಹಿಪ್ಪರಗಿಯ ಬ್ಯಾರೇಜಿನಿಂದ ಕೆಳಗೆ, ಕೃಷ್ಣೆಯ ದಂಡೆಯಲ್ಲಿ, ಜಾಲಿಪೊದೆಯ ಮರೆಗೆ ಅವರು ಸೊಂಟದ ತನಕ ನೆಲದೊಳಗೆ ಕುಳಿತಿದ್ದಾರೆ. ಬೆಳಕು ಇನ್ನೂ ಹರಿಯುತ್ತಿದೆ. ಪತ್ರಿಕೆಗೆ ಬರೆಯಲು ಪೇಟೆಯಿಂದ ಬಂದ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದೇನೆ. ಅವರು ಆ ಅಂಗಿಯನ್ನು ಒಮ್ಮೆ ನೋಡಿ, ಚೀಲದಿಂದ ಮಣ್ಣುಬಣ್ಣದ ಹಳೆಯ ಚಾದರವೊಂದನ್ನು ತೆಗೆದು ನನ್ನತ್ತ ಎಸೆಯುತ್ತಾರೆ. ಅದನ್ನು ಹೊದ್ದುಕೊಂಡು ಮೊಣಕಾಲ ಮೇಲೆ ತೆವಳುತ್ತ ಕುಣಿಯ ಹತ್ತಿರ ಹೋಗುತ್ತೇನೆ.

ಕುಣಿಯ ಬಾಯಿಗೆ ಮೂರು ಗಿಡ್ಡ ಕಾಲುಗಳ ಮೇಲೆ ಒಂದು ದುರ್ಬೀನು. ಕೊಳವೆ ಹೊಳೆಯ ಕಡೆಗಿದೆ, ಕಣ್ಣಿಡುವ ತುದಿ ಮಾತ್ರ ಮೊಣಕೈ ಮಡಚಿದಂತೆ ಮೇಲಕ್ಕೆ ಬಾಗಿದೆ. ಗಿರಿಮಲ್ಲಪ್ಪ ಕುತ್ತಿಗೆ ಬಗ್ಗಿಸಿ ಅದರೊಳಗೆ ನೋಡುತ್ತಿದ್ದಾರೆ. ಎದುರಿಗೆ, ಇಳಿದುಹೋದ ಹೊಳೆಯ ನಡುವೆ, ಮರಳು ಮತ್ತು ಕಲ್ಲಿನ ಒಂದು ನಡುಗಡ್ಡೆ. ಅದರ ಒಂದು ಬದಿಗೆ ಎಳೆಯ ಹುಲ್ಲು. ಬರಿಗಣ್ಣಿಗೆ ಅಲ್ಲಿ ಬೇರೇನೂ ಕಾಣುವುದಿಲ್ಲ, ಕೆಲವು ಬಿಳಿ ಚುಕ್ಕೆಗಳು ಏಳುತ್ತವೆ, ಇಳಿಯುತ್ತವೆ, ಅಷ್ಟೇ.

"ಹಕ್ಕಿ ಎದ್ದಾವೇನ್ರಿ?" ಎಂದು ಪಿಸುಗುಟ್ಟುತ್ತೇನೆ.

"ಅವು ಮಲಗಿದ್ರ ಏಳಬೇಕಲ್ರಿ. ಅವೂ ಮಲಗಿಲ್ಲ, ನಾನೂ ಮಲಗಿಲ್ಲ," ಎನ್ನುತ್ತಾರೆ. ದನಿಯಲ್ಲಿ ತಮಾಷೆಗಿಂತ ದಣಿವೇ ಹೆಚ್ಚು.

ಪುಸ್ತಕಗಳಲ್ಲಿ ಈ ಹಕ್ಕಿಗೆ ನದಿ ರೀವ ಎಂದು ಹೆಸರು. ಕರಿ ಟೊಪ್ಪಿಗೆ ಹಾಕಿದಂಥ ತಲೆ, ಹಳದಿ ಕೊಕ್ಕು, ಕೆಂಪು ಕಾಲು, ಸೀಳಿದ ಬಾಲ. ಗಿರಿಮಲ್ಲಪ್ಪನವರಿಗೆ ಅದು ಬರೀ "ಹೊಳಿಹಕ್ಕಿ". ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ಮೇಲೆದ್ದಾಗ ಇವು ಬರಿ ಮರಳಿನ ಮೇಲೆ ತತ್ತಿ ಇಡುತ್ತವೆ. ಗೂಡಿಲ್ಲ, ಒಂದು ಹುಲ್ಲುಕಡ್ಡಿಯ ಆಸರೆಯೂ ಇಲ್ಲ. ತತ್ತಿಯ ಬಣ್ಣವೂ ಮರಳಿನದೇ ಆದ್ದರಿಂದ ಕಾಲಡಿಗೆ ಬಂದರೂ ಗೊತ್ತಾಗುವುದಿಲ್ಲ. ಮನುಷ್ಯನೋ ನಾಯಿಯೋ ಕುರಿಯೋ ಹತ್ತಿರ ಸುಳಿದರೆ ಸಾಕು, ಎಲ್ಲ ಹಕ್ಕಿಗಳೂ ಒಮ್ಮೆಲೇ ಎದ್ದು ಅರಚುತ್ತ ಸುತ್ತತೊಡಗುತ್ತವೆ. ಅವು ಮೇಲಿರುವಷ್ಟು ಹೊತ್ತು ತತ್ತಿ ಈ ಸೀಮೆಯ ಬಿಸಿಲಿಗೆ ಬಿದ್ದಿರುತ್ತದೆ. ಆ ಬಿಸಿಲು ಎಂಥದ್ದೆಂದು ಜಮಖಂಡಿ, ಮುಧೋಳದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಇವನ್ನು ಕಾಯಬೇಕೆಂದರೆ ಹತ್ತಿರ ಹೋಗದೆ ಕಾಯಬೇಕು. ಹೋಗದೆ ನೋಡಬೇಕು, ನೋಡಿದ್ದನ್ನು ನಂಬದವರಿಗೆ ತೋರಿಸಲೂಬೇಕು. ಗಿರಿಮಲ್ಲಪ್ಪನವರ ಇಡೀ ತಾಪತ್ರಯ ಇಷ್ಟೇ.

"ಇವತ್ತ ಕರೆಪ್ಪ ಬರ್ತಾನ್ರಿ," ಎನ್ನುತ್ತಾರೆ, ದುರ್ಬೀನಿನಿಂದ ಕಣ್ಣು ಕೀಳದೆ. "ಅಂವಗ ಇಲ್ಲಿಂದ ತತ್ತಿ ಕಂಡ್ರ ಆತು. ಕಾಣಲಿಲ್ಲಂದ್ರ ನಾಳಿ ಕುರಿ ಗಡ್ಡಿಗೆ ಹೊಡಕೊಂಡ ಹೋಗ್ತಾನ. ನೀರ ಇಳದು ಮೊಣಕಾಲಿಗೆ ಬಂದೈತಿ. ತಡ್ಯಾವ್ರು ಯಾರ?"

ಕರೆಪ್ಪ ಯಾರು ಎನ್ನುವುದಕ್ಕೆ ಮೊದಲು ಗಿರಿಮಲ್ಲಪ್ಪ ಯಾರೆಂದು ಹೇಳಬೇಕು. ಅದನ್ನು ನನಗೆ ಹಿಂದಿನ ದಿನ ಬನಹಟ್ಟಿಯ ಮನೆಯಲ್ಲಿ ಹೇಳಿದವರು ಅವರ ಹೆಂಡತಿ ತಂಗೆವ್ವ. ಆಗ ಗಿರಿಮಲ್ಲಪ್ಪ ಮನೆಯಲ್ಲಿರಲಿಲ್ಲ. ಹಕ್ಕಿಗಳು ತತ್ತಿ ಇಟ್ಟಾಗಿನಿಂದ ಅವರು ಹಿಪ್ಪರಗಿಯ ಬೀಗರ ಪಂಪಸೆಟ್ಟಿನ ಕೋಣೆಯಲ್ಲೇ ಮಲಗುತ್ತಾರೆ, ಊರಿಗೆ ಬರುವುದು ಬಟ್ಟೆ ಬದಲಿಸಲು ಮಾತ್ರ.

"ಹಕ್ಕಿ ಸಂಸಾರ ಕಾಯಾಕ ಹೋಗ್ಯಾರ್ರಿ, ತಮ್ಮ ಸಂಸಾರ ನನ್ನ ಮ್ಯಾಲ ಹಾಕಿ," ಎಂದು ತಂಗೆವ್ವ ಚಹಾ ಸೋಸುತ್ತಲೇ ಶುರುಮಾಡುತ್ತಾರೆ. "ಬಿಳಿ ಅಂಗಿ ಹಾಕ್ಕೊಂಡ ಹೋಗಬ್ಯಾಡ್ರಿ ಮತ್ತ. ಬೈತಾರ." ನನ್ನ ಚೀಲದಲ್ಲಿ ಇದ್ದದ್ದು ಬಿಳಿಯದೊಂದೇ.

ಮನೆಯ ನಡುವೆ ಮಗ್ಗದ ಕುಣಿ ಇನ್ನೂ ಇದೆ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದಾರೆ, ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ಅಕ್ಕಿಚೀಲ ಇಟ್ಟಿದ್ದಾರೆ. ಗಿರಿಮಲ್ಲಪ್ಪ ಹುಡುಗನಾಗಿದ್ದಾಗಿನಿಂದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯ್ದವರು. ಮೊದಲು ಮೊಣಕಾಲು ಹೋಯಿತು. ಮಂಡಿ ಮಡಚಿ ಕೂರಲಾಗದು, ಹೆಚ್ಚು ಹೊತ್ತು ನಿಲ್ಲಲೂ ಆಗದು. ಆಮೇಲೆ ಕಣ್ಣು ಉರಿಯತೊಡಗಿತು. ಈಗ ಪಕ್ಕದ ಮನೆಯ ಪವರ್‌ಲೂಮಿಗೆ ಗಂಡಹೆಂಡಿರಿಬ್ಬರೂ ಕಂಡಿಕಿ ಸುತ್ತಿಕೊಡುತ್ತಾರೆ. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗೆ ಇಲ್ಲಿ ಕಂಡಿಕಿ ಎನ್ನುತ್ತಾರೆ.

"ಜಮಖಂಡಿ ಕಣ್ಣಿನ ಡಾಕ್ಟರು ಹೇಳಿದ್ರಂತ್ರಿ," ಎಂದು ತಂಗೆವ್ವ ಮುಂದುವರಿಸುತ್ತಾರೆ. "ಅಜ್ಜಾರ, ನಿಮ್ಮ ಕಣ್ಣ ಜಲ್ಮೆಲ್ಲ ಒಂದ ಮೊಳದಾಗ ನೋಡ್ಯಾವು, ದಿನಾ ಒಂದೀಟ ದೂರಕ್ಕ ನೋಡ್ರಿ ಅಂತ. ಈ ಓಣ್ಯಾಗ ದೂರ ಎಲ್ಲೈತ್ರಿ? ಬಾಗಲಾ ತಗದ್ರ ಎದುರು ಮನಿ ಗ್ವಾಡಿ. ಅದಕ್ಕ ಬಸ್ ಹತ್ತಿ ಹೊಳಿಗೆ ಹೋದ್ರು. ದೂರ ನೋಡಾಕ ಹ್ವಾದವ್ರು ಅಲ್ಲೇ ಉಳದ್ರು."

ಹಾಗೆ ಹೋದವರಿಗೆ ಬ್ಯಾರೇಜಿನ ಸೇತುವೆಯ ಮೇಲೆ ಸಿಕ್ಕವರು ಪ್ರತಿಮಾ. ಜಮಖಂಡಿಯಲ್ಲಿ ಕಾಲೇಜು ಉಪನ್ಯಾಸಕಿ, ರಜೆ ಸಿಕ್ಕರೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಬೀಳಗಿಯ ಹಿನ್ನೀರಿನಿಂದ ಇಲ್ಲಿಯ ತನಕ ಹಕ್ಕಿ ನೋಡುತ್ತ ತಿರುಗುವವರು. ತಮ್ಮ ಬೈನಾಕ್ಯುಲರನ್ನು ಅಂದು ಅವರ ಕೈಗೆ ಕೊಟ್ಟರು. ಈ ಭಾಗದ ಹಕ್ಕಿ ಹುಚ್ಚಿನ ನಾಲ್ಕಾರು ಜನ ಸೇರಿಕೊಂಡು ಆಮೇಲೆ ಗಿರಿಮಲ್ಲಪ್ಪನವರಿಗೆ ಬೇಸಿಗೆಯ ಕಾವಲು ವಹಿಸಿದರು. ಚಹಾಕ್ಕೂ ಬಸ್ಸಿಗೂ ಆಗುವಷ್ಟು ಗೌರವಧನ. ಅದರಲ್ಲಿ ಸಂಸಾರ ನಡೆಯುವುದಿಲ್ಲ ಎನ್ನುವುದು ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು.

ದಂಡೆಯಲ್ಲಿ ಕುಣಿ ತೋಡಿದ್ದು ಜಾಣತನದಿಂದಲ್ಲ. ಮೊಣಕಾಲು ಮಡಚಲಾಗದ ಮನುಷ್ಯನಿಗೆ ಕಾಲು ಇಳಿಬಿಟ್ಟು ಕೂರುವುದೊಂದೇ ಹಿತವಾದ ಭಂಗಿ. ಅದಕ್ಕೆ ಮಗ್ಗದ ಅಳತೆಗೇ ಒಂದು ಕುಣಿ ತೋಡಿದರು. ಮರಳು ಕುಸಿಯದಂತೆ ಒಳಗೆ ಗೋಣಿಚೀಲ ಜೋಡಿಸಿದರು. ಕುಳಿತ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ದಂಡೆಯ ಮೇಲೆ ನಿಂತ ಮನುಷ್ಯನನ್ನು ಕಂಡರೆ ಎದ್ದುಬಿಡುವ ಹಕ್ಕಿ, ನೆಲದ ಮೇಲೆ ಬರೀ ಸೊಂಟದ ಮೇಲಿನ ಮೈ ಇದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೀನು ಕಚ್ಚಿಕೊಂಡು ಅವರ ತಲೆಯ ಮೇಲೆಯೇ ಹಾರಿ ಹೋಗುತ್ತದೆ.

ಆದರೆ ಬೈನಾಕ್ಯುಲರಿನ ಕಣ್ಣು ನಡುಗಡ್ಡೆಯ ತನಕ ಸರಿಯಾಗಿ ಮುಟ್ಟುತ್ತಿರಲಿಲ್ಲ. ಕೂತ ಹಕ್ಕಿ ಕಾಣುತ್ತಿತ್ತು, ಅದರ ಕೆಳಗೆ ತತ್ತಿ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಹೋದ ವರ್ಷ ಅನಾಹುತವಾದದ್ದು ಅಲ್ಲಿಯೇ.

ಕರೆಪ್ಪ ಕುರಿ ಮೇಯಿಸುವವರು. ಬೇಸಿಗೆಯಲ್ಲಿ ಸುತ್ತಲ ನೆಲವೆಲ್ಲ ಸುಟ್ಟು ಹೋದಾಗ ನಡುಗಡ್ಡೆಯ ಬದಿಗೆ ಹುಲ್ಲು ಹಸಿರಾಗಿರುತ್ತದೆ. ಅಲ್ಲಿಗೆ ಹೋಗಬೇಡ, ತತ್ತಿ ಇದ್ದಾವೆ ಎಂದು ಗಿರಿಮಲ್ಲಪ್ಪ ತಡೆದರೆ, ಕರೆಪ್ಪ ಕೇಳಿದ್ದು ನ್ಯಾಯವಾದ ಮಾತನ್ನೇ. ಎಲ್ಲಿ, ತೋರಿಸು. ಬೈನಾಕ್ಯುಲರ್ ಕೊಟ್ಟರೆ ಅವರಿಗೆ ಕಂಡದ್ದು ಕಲ್ಲು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗಿರಿಮಲ್ಲಪ್ಪ ಅವರನ್ನು ಕರೆದುಕೊಂಡು ನೀರು ದಾಟಿ ನಡುಗಡ್ಡೆಗೇ ಹೋದರು.

"ತೋರಿಸಿದ್ನಿರಿ," ಎಂದು ಗಿರಿಮಲ್ಲಪ್ಪ ಕುಣಿಯಿಂದ ಹೇಳುತ್ತಾರೆ. "ಅಂವ ನೋಡಿದ. ಹೌದಪಾ, ಅದಾವು ಅಂದ. ಕುರಿ ಬಿಡಲಿಲ್ಲ. ಅಂವ ಮಾತ ಉಳಿಸಿಕೊಂಡ. ಆದ್ರ ನಾವಿಬ್ಬರೂ ಅಲ್ಲಿ ನಿಂತಷ್ಟು ಹೊತ್ತು ಹಕ್ಕಿ ಇಳೀಲಿಲ್ರಿ. ಬಿಸಿಲ ಏರಿತ್ತು. ಹದ್ದು ಬಂದ್ವು. ಮುಂದ ಎರಡ ದಿನದಾಗ ಗಡ್ಡಿ ಖಾಲಿ. ಕುರಿ ತುಳದಿದ್ರ ಕುರಿ ಮ್ಯಾಲ ಹಾಕಬಹುದಿತ್ತು. ಯಾರ ಮ್ಯಾಲ ಹಾಕ್ಲಿ?"

ಇದನ್ನು ಹೇಳಿ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾರೆ. ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ಹೊಳೆಯ ಆಚೆ ದಂಡೆಯಲ್ಲಿ ಯಾರದೋ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತಿದೆ.

ಈ ವರ್ಷ ಹಾಗಾಗಬಾರದೆಂದು ಪ್ರತಿಮಾ ಮತ್ತು ಗೆಳೆಯರು ಪಟ್ಟಿ ಎತ್ತಿದರು, ಅಂದರೆ ಚಂದಾ ಕೂಡಿಸಿದರು. ಅವರು ಕೊಳ್ಳಲು ಹೊರಟದ್ದು ಸ್ಪಾಟಿಂಗ್ ಸ್ಕೋಪ್, ನಮ್ಮ ಕಡೆಯ ಮಾತಿನಲ್ಲಿ ದೊಡ್ಡ ದುರ್ಬೀನು. ಈ ದುರ್ಬೀನುಗಳ ಸಂತೆಯೇ ಒಂದು ವಿಚಿತ್ರ. ಆಟಿಕೆಯಂಥ ಅಗ್ಗದವು ಬೇಕಾದಷ್ಟು ಸಿಗುತ್ತವೆ. ಮೋಟರ್‌ಸೈಕಲ್ಲಿನ ಬೆಲೆಯವೂ ಸಿಗುತ್ತವೆ, ಅವನ್ನು ನೋಡಿ ಕೈಮುಗಿದು ಬರಬೇಕು. ನಡುವಿನ ಬೆಲೆಯಲ್ಲಿ ಒಂದನ್ನು ಆರಿಸುವುದೇ ತಲೆನೋವು, ಯಾಕೆಂದರೆ ಅಲ್ಲಿ ಪ್ರತಿಯೊಂದೂ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಅವರ ಗುಂಪಿನ ಜ್ಞಾನೇಶ್ವರ, ಮುಧೋಳದಲ್ಲಿ ಬ್ಯಾಂಕಿನ ನೌಕರಿಯಲ್ಲಿರುವವರು, ಅಲ್ಲಿ ಇಲ್ಲಿ ಕಾಡಿಬೇಡಿ ಮೂರು ದುರ್ಬೀನುಗಳನ್ನು ನೋಡಿ ಮರಳಿಸುವ ಕರಾರಿನ ಮೇಲೆ ತಂದರು. ಯಾರು ದಿನವಿಡೀ ಕಣ್ಣಿಡುತ್ತಾರೋ ಅವರೇ ಆರಿಸಲಿ ಎಂದು ಮೂರನ್ನೂ ಬನಹಟ್ಟಿಗೆ ಹೊತ್ತು ತಂದು ಗಿರಿಮಲ್ಲಪ್ಪನವರ ಮಾಳಿಗೆಯ ಮೇಲೆ ನಿಲ್ಲಿಸಿದರು.

ಆ ಬೆಳಗಿನ ಕತೆಯನ್ನು ತಂಗೆವ್ವ ಇನ್ನೂ ನಗುತ್ತಲೇ ಹೇಳುತ್ತಾರೆ. ದುರ್ಬೀನು ಪರೀಕ್ಷೆ ಮಾಡಲು ದೂರದಲ್ಲಿ ಏನಾದರೂ ಬೇಕಲ್ಲ. ಗಿರಿಮಲ್ಲಪ್ಪ ಟ್ರಂಕಿನಿಂದ ತಮ್ಮ ಕೈಯಾರೆ ನೇಯ್ದ ಸೀರೆ ತೆಗೆದರು. ತಂಗೆವ್ವ ಹಬ್ಬಕ್ಕೆ ಮಾತ್ರ ಉಡುವ ಸೀರೆ ಅದು. ಅದನ್ನು ಊರಾಚೆ ನೆಂಟರ ಮಾಳಿಗೆಯ ಮೇಲೆ ಹರವಿ ಬಂದರು.

"ನಾ ಕೇಳಿದ್ನಿ, ಹಕ್ಕಿ ನೋಡಾಕ ನನ್ನ ಸೀರಿ ಯಾಕ ಬೇಕ್ರಿ ಅಂತ. ನಂಗ ಅದರ ಎಳಿ ಎಳಿ ಗೊತ್ತೈತಿ, ಯಾವ ದುರ್ಬೀನ ಸುಳ್ಳ ಹೇಳತೈತಿ ಅಂತ ಲಗೂನ ತಿಳೀತೈತಿ ಅಂದ್ರು. ಓಣಿ ಮಂದೆಲ್ಲ ಮಾಳಿಗಿ ಹತ್ತಿ ಆ ಸೀರಿ ನೋಡಿದ್ರು, ಬಿಡ್ರಿ. ಮದಿವ್ಯಾಗೂ ಅಷ್ಟ ಮಂದಿ ನೋಡಿರಲಿಲ್ಲ."

ಮೊದಲನೆಯದು ಮೂರರಲ್ಲಿ ಅಗ್ಗದ್ದು, ಹಿಗ್ಗಿಸುವ ಶಕ್ತಿಯ ಬಗ್ಗೆ ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಂಕಿ ಬರೆದದ್ದು. ಹಿಗ್ಗಿಸಿದಂತೆಲ್ಲ ಸೀರೆ ಮಬ್ಬಾಗುತ್ತ ಕೊನೆಗೆ ಹೊಗೆಯಾಯಿತು. ಕನ್ನಡಕ ಹಾಕಿಕೊಂಡು ನೋಡಿದರೆ ಬೊಟ್ಟಿನಷ್ಟೇ ಅಗಲ ಬೆಳಕು. ಅದನ್ನು ಬದಿಗಿಟ್ಟರು. ಉಳಿದ ಎರಡೂ ನಡುವಿನ ಬೆಲೆಯವು. ಒಂದು ನೇರ ಕೊಳವೆ, ದೊಡ್ಡ ಗಾಜು, ಭಾರ. ಇನ್ನೊಂದು ಕಣ್ಣಿಡುವ ತುದಿ ಬಾಗಿದ್ದು, ಗಾಜು ಸಣ್ಣದು, ಹಗುರ.

ಬಾಗಿದ್ದರಲ್ಲಿ ಗಿರಿಮಲ್ಲಪ್ಪನವರಿಗೆ ಸೀರೆಯೇ ಸಿಗಲಿಲ್ಲ. ಆಕಾಶ ಸಿಕ್ಕಿತು, ನೀರಿನ ಟ್ಯಾಂಕು ಸಿಕ್ಕಿತು, ಯಾರೋ ಒಣಹಾಕಿದ ಹಪ್ಪಳ ಸಿಕ್ಕಿತು. ಎಲ್ಲಿ ನೋಡುತ್ತಿದ್ದೇನೆಂದೇ ತಿಳಿಯದೆ ಸಿಟ್ಟು ಬಂತು. ಸೀರೆ ಸಿಕ್ಕ ಮೇಲೂ ಸಮಾಧಾನವಿಲ್ಲ. ನಡುವೆ ಎಲ್ಲ ಸ್ವಚ್ಛ, ಆದರೆ ಚಿತ್ರದ ಅಂಚಿಗೆ ಬಂದಂತೆ ಮಾಸಲು. ನೇರ ದುರ್ಬೀನಿನಲ್ಲಿ ಅಂಚಿನ ತನಕವೂ ಎಳೆ ಎಣಿಸುವಷ್ಟು ಚೊಕ್ಕ. ನೇಕಾರ ಯಾವ ಸೀರೆಯನ್ನು ಕೈಗೆತ್ತಿಕೊಂಡರೂ ಮೊದಲು ನೋಡುವುದು ಅಂಚಿನ ದಡಿಯನ್ನು, ಆಮೇಲೆ ಒಡಲನ್ನು. ದಡಿ ಕೆಟ್ಟಿದ್ದರೆ ಒಡಲಿಗೆ ಕಣ್ಣು ಹಾಯಿಸುವುದೂ ಇಲ್ಲ. ಗಿರಿಮಲ್ಲಪ್ಪ ದುರ್ಬೀನನ್ನೂ ಹಾಗೇ ನೋಡಿದರು.

"ಮೇಡಮ್ಮಾರು ಹೇಳಿದ್ರು ಖರೆ," ಎಂದು ಈಗ ಒಪ್ಪಿಕೊಳ್ಳುತ್ತಾರೆ. "ಅಜ್ಜಾ, ನೀವು ಕುಣ್ಯಾಗ ಕುಂದ್ರಾವ್ರು, ಬಾಗಿದ್ದ ತಗೋರಿ ಅಂತ. ನಾ ಕೇಳಬೇಕಲ್ರಿ! ದಡಿ ನೋಡ್ರಿ ಮೇಡಂ, ದಡಿ ನೋಡ್ರಿ ಅಂತ ಅವರಿಗೇ ಪಾಠ ಹೇಳಿದ್ನಿ."

ನೇರದ್ದು ಹಿಪ್ಪರಗಿಗೆ ಬಂತು. ಪುಣ್ಯಕ್ಕೆ ಹಕ್ಕಿಗಳು ಆಗಿನ್ನೂ ತತ್ತಿ ಇಟ್ಟಿರಲಿಲ್ಲ, ಜಾಗ ನೋಡುತ್ತ ನಡುಗಡ್ಡೆಗೆ ಇಳಿಯುತ್ತಿದ್ದವು ಅಷ್ಟೇ. ಗಿರಿಮಲ್ಲಪ್ಪ ಕುಣಿಯಲ್ಲಿ ಕುಳಿತು ದುರ್ಬೀನಿಗೆ ಕಣ್ಣಿಡಲು ಹೋದರೆ ಗದ್ದ ಮಣ್ಣಿಗೆ ತಾಗುತ್ತದೆ. ತಲೆ ಎತ್ತಿ ಮುಂದಕ್ಕೆ ನೋಡಲು ಅವರ ಕುತ್ತಿಗೆಗೆ ಬರುವುದಿಲ್ಲ. ಇಷ್ಟು ವರ್ಷ ಮಗ್ಗದ ಮೇಲೆ ಬಗ್ಗಿದ ಕುತ್ತಿಗೆ ಅದು. ಅದರ ಮೂರು ಕಾಲು ಉದ್ದ ಮಾಡಿ ದುರ್ಬೀನನ್ನು ಎತ್ತರಿಸಿದರೆ ತಾವೂ ಕುಣಿಯಿಂದ ಮೇಲೆದ್ದು ನಿಲ್ಲಬೇಕು. ನಿಂತರು. ನಡುಗಡ್ಡೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

"ಆವತ್ತ ಎದಿ ಧಸಕ್ಕಂತ್ರಿ," ಎನ್ನುತ್ತಾರೆ. "ಮತ್ತ ಅದ ತಪ್ಪ ಮಾಡಾಕತ್ತೇನಿ ಅನಿಸ್ತು. ದಡಿ ನೋಡಿ ತಂದ ದುರ್ಬೀನ, ನನ್ನ ಎಬ್ಬಿಸಿ ನಿಲ್ಲಿಸ್ತು. ಸಂಜಿಗೇ ಮೇಡಮ್ಮಾರಿಗೆ ಫೋನ್ ಹಚ್ಚಿ ಹೇಳಿದ್ನಿ, ತಪ್ಪಾತ್ರಿ, ಆ ಸೊಟ್ಟಂದಽ ಕಳಸ್ರಿ ಅಂತ."

ಕೊಂಡದ್ದನ್ನು ಮರಳಿಸುವುದು ಜ್ಞಾನೇಶ್ವರರಿಗೆ ಸಲೀಸಾಗಲಿಲ್ಲ, ಮುಖ ಕೆಂಪಗೆ ಮಾಡಿಕೊಂಡೇ ಓಡಾಡಿದರಂತೆ. ಪ್ರತಿಮಾ ಮಾತ್ರ "ನಾ ಮೊದಲಽ ಹೇಳಿದ್ದೆ" ಎಂಬ ಮಾತನ್ನು ಆಡಲಿಲ್ಲ. ಅದಕ್ಕಾಗಿ ಗಿರಿಮಲ್ಲಪ್ಪನವರಿಗೆ ಅವರ ಮೇಲೆ ಇಂದಿಗೂ ಗೌರವ. ಬಾಗಿದ ದುರ್ಬೀನಿನಲ್ಲಿ ಗುರಿ ಹಿಡಿಯುವ ಉಪಾಯವನ್ನೂ ಪ್ರತಿಮಾ ಅವರೇ ಹೇಳಿಕೊಟ್ಟರು. ಕೊಳವೆಯ ಬೆನ್ನಿಗೆ ಕಸಬರಿಗೆಯ ಕಡ್ಡಿ ಇಟ್ಟು ಮಗ್ಗದ ನೂಲಿನಿಂದ ಬಿಗಿದಿದ್ದಾರೆ. ಕಡ್ಡಿಯ ತುದಿಯನ್ನು ನಡುಗಡ್ಡೆಗೆ ಸರಿಹೊಂದಿಸಿ ಕಣ್ಣಿಟ್ಟರೆ ಈಗ ಹಪ್ಪಳ ಕಾಣುವುದಿಲ್ಲ, ಹಕ್ಕಿಯೇ ಕಾಣುತ್ತದೆ.

"ಅಂಚ ಇನ್ನೂ ಮಾಸಲ ಐತ್ರಿ," ಎಂದು ಗಿರಿಮಲ್ಲಪ್ಪ ದುರ್ಬೀನಿನ ಬೆನ್ನು ಸವರುತ್ತ ಹೇಳುತ್ತಾರೆ. "ನೋಡಿದಾಗೊಮ್ಮೆ ಜೀವಕ್ಕ ಹತ್ತತೈತಿ. ಇರ್ಲಿ. ಒಡಲ ಛಲೋ ಐತಿ, ಹಕ್ಕಿ ಒಡಲದಾಗ ಕುಂದ್ರತಾವು."

ಬಿಸಿಲು ಏರುತ್ತಿದೆ. ಕರೆಪ್ಪ ಇನ್ನೂ ಬಂದಿಲ್ಲ. ಗಿರಿಮಲ್ಲಪ್ಪ ಸುಮ್ಮನೆ ಕುಳಿತವರು ಈಗ ಚಡಪಡಿಸತೊಡಗುತ್ತಾರೆ. ದುರ್ಬೀನು ಎಷ್ಟೇ ಒಳ್ಳೆಯದಿರಲಿ, ಮರಳು ಕಾದ ಮೇಲೆ ಅದರ ಮೇಲಿನ ಗಾಳಿ ಕುದಿಯುತ್ತದೆ. ಆಗ ಹಕ್ಕಿ, ಕಲ್ಲು, ತತ್ತಿ ಎಲ್ಲವೂ ನೀರೊಳಗೆ ಬಿದ್ದಂತೆ ಓಲಾಡುತ್ತವೆ. ಆ ಹೊತ್ತಿನಲ್ಲಿ ತೋರಿಸಿದರೆ ಕರೆಪ್ಪನಿಗೆ ಮತ್ತೆ ಕಲ್ಲೇ ಕಾಣುತ್ತದೆ.

"ಲಗೂನ ಬಾ ಅಂತ ಹೇಳಿ ಕಳಿಸಿದ್ನಿ," ಎಂದು ಗೊಣಗುತ್ತಾರೆ. ನೀರಿನ ಬಾಟಲಿ ಬಾಯಿಗೆ ಹಿಡಿಯುತ್ತಾರೆ, ಕುಡಿಯದೆ ಕೆಳಗಿಡುತ್ತಾರೆ. ಮೊಣಕಾಲು ತಿಕ್ಕಿಕೊಳ್ಳುತ್ತಾರೆ. "ಸಾಕಾಗೇತ್ರಿ. ನಾಯಿ ಕಾಯೂದು, ಹುಡುಗೂರನ್ನ ಕಾಯೂದು, ಬ್ಯಾರೇಜಿನ ನೀರ ಎಂದ ಬಿಡ್ತಾರ ಅಂತ ಅಂಜೂದು. ಈ ಹಕ್ಕಿ ಒಂದಽ ವರ್ಷ ಗಿಡದಾಗ ತತ್ತಿ ಇಡಬಾರದಽ?"

ಕುರಿಗಳ ಸದ್ದು ಮೊದಲು ಕೇಳುತ್ತದೆ. ಗಿರಿಮಲ್ಲಪ್ಪ ಕೈಯೆತ್ತಿ ಸನ್ನೆ ಮಾಡುತ್ತಾರೆ. ಕುರಿಗಳನ್ನು ಹಿಂದಿನ ಹಳ್ಳದಲ್ಲಿ ಬಿಟ್ಟು, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಕರೆಪ್ಪ ಬಗ್ಗಿಕೊಂಡು ಬರುತ್ತಾರೆ. ಬಂದವರ ಮುಖದಲ್ಲೂ ದಣಿವೇ.

"ಕಬ್ಬಿನ ಹೊಲದಾಗ ಬಿಡಂಗಿಲ್ಲ, ಕಾಲುವಿ ದಂಡಿ ಮ್ಯಾಲ ಬಿಡಂಗಿಲ್ಲ, ಈಗ ಹಕ್ಕೀನೂ ಬಿಡಂಗಿಲ್ಲ," ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ. "ಪೇಪರದಾವ್ರೇನ್ರಿ? ಇದನ್ನೂ ಬರೀರಿ. ಕುರಿ ಏನ ಗಾಳಿ ತಿಂತಾವು?"

ಬರೆಯುತ್ತೇನೆ ಎನ್ನುತ್ತೇನೆ. ಬರೆದಿದ್ದೇನೆ.

"ನೋಡ ಕರೆಪ್ಪ," ಎಂದು ಗಿರಿಮಲ್ಲಪ್ಪ ಕುಣಿಯಲ್ಲೇ ಸರಿದು ಜಾಗ ಮಾಡುತ್ತಾರೆ. "ಹ್ವಾದ ವರ್ಷಧಂಗ ಅಲ್ಲಿಗೆ ಹೋಗೂದ ಬ್ಯಾಡ. ಇಲ್ಲಿಂದನಽ ನೋಡು. ಕಂಡ್ರ ನಿನ್ನ ಮಾತ ನಡಸು. ಕಾಣಲಿಲ್ಲಂದ್ರ ನಾ ತಡಿಯಂಗಿಲ್ಲ."

ಕರೆಪ್ಪ ಕುಣಿಯ ಅಂಚಿಗೆ ಬೋರಲು ಮಲಗುತ್ತಾರೆ. ಗಿರಿಮಲ್ಲಪ್ಪನವರಿಗಿಂತ ಮೊಳದಷ್ಟು ಎತ್ತರದ ಆಳು. ದುರ್ಬೀನನ್ನು ಎತ್ತುವುದೂ ಇಳಿಸುವುದೂ ಬೇಕಾಗುವುದಿಲ್ಲ, ಬಾಗಿದ ತುದಿಗೆ ಯಾರು ಬೇಕಾದರೂ ಮೇಲಿನಿಂದ ಕಣ್ಣಿಡಬಹುದು. ಮೊದಲು ಅವರು ಕೊಳವೆಯ ಮೇಲಿನಿಂದ ಹೊಳೆಯನ್ನೇ ನೋಡುತ್ತಾರೆ. ತೆಳಗ ನೋಡೋ, ತೆಳಗ, ಎಂದು ಗಿರಿಮಲ್ಲಪ್ಪ ತಲೆ ಹಿಡಿದು ಬಗ್ಗಿಸುತ್ತಾರೆ.

"ಹೊಳಿ ಅಲ್ಲೈತಿ, ನೀ ನನಗ ನೆಲಾ ನೋಡು ಅಂತಿ," ಎಂದು ಬೈಯುತ್ತಲೇ ಕರೆಪ್ಪ ಕಣ್ಣಿಡುತ್ತಾರೆ. "ಹಕ್ಕಿ ಕುಂತೈತಿ. ಬಾಜೂಕ ಕಲ್ಲ ಅದಾವು. ಕುಣಿದಾಡಾಕತ್ತಾವು ಎಲ್ಲಾ."

ಗಾಳಿ ಕುದಿಯತೊಡಗಿದೆ. ಗಿರಿಮಲ್ಲಪ್ಪ ಕೈ ಚಾಚಿ ಹಿಗ್ಗಿಸುವ ಉಂಗುರವನ್ನು ಹಿಂದಕ್ಕೆ ತಿರುಗಿಸುತ್ತಾರೆ. "ದೊಡ್ಡದು ಮಾಡಬ್ಯಾಡ, ದೊಡ್ಡದು ಮಾಡಿದ್ರ ಕುಣೀತಾವು. ಈಗ ನೋಡು. ಸಣ್ಣದಿದ್ರೂ ನಿಂತಿರ್ತೈತಿ."

ನಡುಗಡ್ಡೆಯ ಕಡೆಗೆ ಒಂದು ಹಕ್ಕಿ ನೀರು ಸವರಿಕೊಂಡು ಹಾರುತ್ತಿರುವುದು ನನಗೂ ಕಾಣುತ್ತದೆ. ಬಿಸಿಲಿನಲ್ಲಿ ಇವು ಹೊಟ್ಟೆಯ ಪುಕ್ಕವನ್ನು ಹೊಳೆಯಲ್ಲಿ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತವೆ, ತತ್ತಿ ತಂಪಾಗಲಿ ಎಂದು. ಕೂತಿದ್ದ ಹಕ್ಕಿ ಈಗ ಜೋಡಿಗೆ ಜಾಗ ಬಿಟ್ಟು ಏಳಬೇಕು. ಗಿರಿಮಲ್ಲಪ್ಪ ಕಾಯುತ್ತಿದ್ದದ್ದು ಇದೇ ಗಳಿಗೆಗೆ.

"ಎದ್ದೀತು, ಈಗ ನೋಡು, ಅದರ ಕಾಲಾಗ ನೋಡು," ಎನ್ನುತ್ತಾರೆ. ಅವರ ಕೈ ಕರೆಪ್ಪನ ಕಂಬಳಿಯನ್ನು ಹಿಡಿದುಕೊಂಡಿದೆ.

"ಎದ್ದೈತಿ. ಕಲ್ಲು. ಅದೂ ಕಲ್ಲಽ." ಕರೆಪ್ಪ ನಿಲ್ಲಿಸುತ್ತಾರೆ. "ತಡಿ. ಒಂದ ಕಲ್ಲ ಅಲಗ್ಯಾಡ್ತು."

"ಗಾಳಿಗೆ ಹಂಗ ಕಾಣತೈತಿ. ತತ್ತಿ ನೋಡು."

"ಗಾಳಿ ಅಲ್ಲೋ ಗಿರಿಮಲ್ಲಣ್ಣ. ಕಾಲ ಅದಾವು. ಬಾಯಿ ತಗದೈತಿ." ಕರೆಪ್ಪನ ದನಿ ಇಳಿಯುತ್ತದೆ. "ಈದೈತೋ ಹಕ್ಕಿ. ಮರಿ ಹಾಕೈತಿ!"

ಹಕ್ಕಿ ಈಯುತ್ತದೆಯೇ ಎಂದು ನಗುವ ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ. ಗಿರಿಮಲ್ಲಪ್ಪ ಅವರನ್ನು ಭುಜಕ್ಕೆ ಭುಜ ಕೊಟ್ಟು ನೂಕಿಬಿಡುತ್ತಾರೆ. ಸರಿಯೋ, ಸರಿ, ನಾ ನೋಡತೇನಿ. ಬೆಳಗಿನಿಂದ ಅಲ್ಲಿಯೇ ಕಣ್ಣಿಟ್ಟಿದ್ದ ಅವರಿಗೆ ಮರಿಯಾದದ್ದು ಗೊತ್ತೇ ಇರಲಿಲ್ಲ. ಹಕ್ಕಿ ಅದನ್ನು ಹೊಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡಿತ್ತು. ಈಗ ದುರ್ಬೀನಿಗೆ ಬಗ್ಗಿದವರು ಮೇಲೇಳುವುದಿಲ್ಲ. ಅವರ ಬೆನ್ನು ಮಾತ್ರ ನನಗೆ ಕಾಣುತ್ತದೆ. ಬಹಳ ಹೊತ್ತಿನ ಮೇಲೆ ಕನ್ನಡಕ ತೆಗೆದು ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಾರೆ.

"ಸೀರಿ ಬಣ್ಣ ಐತ್ರಿ ಮರಿ," ಎನ್ನುತ್ತಾರೆ. ಮಾಳಿಗೆಯ ಮೇಲೆ ಹರವಿದ ಆ ಸೀರೆಯೇ ಇರಬೇಕು.

ಕರೆಪ್ಪ ಇನ್ನೊಮ್ಮೆ ಕಣ್ಣಿಟ್ಟು ನೋಡಿ, ಕಂಬಳಿ ಕೊಡವಿಕೊಂಡು, ಬಂದ ಹಾಗೆಯೇ ಬಗ್ಗಿ ಹಿಂದಕ್ಕೆ ಸರಿಯುತ್ತಾರೆ. "ಹುಲ್ಲ ಒಣಗಿ ಹೋಗೂದರಾಗ ಹಾರಸ ಮತ್ತ ಅವನ್ನ," ಎಂದು ಹೇಳಿ ಕುರಿಗಳನ್ನು ಮೇಲಿನ ದಂಡೆಯ ಕಡೆಗೆ ಹೊಡೆದುಕೊಂಡು ಹೋಗುತ್ತಾರೆ. ಕುರಿಗಳಿಗೆ ಅಲ್ಲಿ ಏನು ಸಿಗುತ್ತದೋ ಅವರಿಗೇ ಗೊತ್ತು.

ಗೆದ್ದೆವೆಂಬ ಉತ್ಸಾಹ ಗಿರಿಮಲ್ಲಪ್ಪನವರಲ್ಲಿ ಕಾಣುವುದಿಲ್ಲ. ರೊಟ್ಟಿ ಗಂಟು ಬಿಚ್ಚುತ್ತಾರೆ, ನನಗೊಂದು ಕೊಡುತ್ತಾರೆ, ಜೊತೆಗೆ ಶೇಂಗಾ ಚಟ್ನಿ. "ಇವತ್ತಿಂದು ಆತು," ಎನ್ನುತ್ತಾರೆ. "ನಾಳಿ ಆ ದಂಡಿಯಾಗಿಂದ ಇನ್ನೊಬ್ಬಂವ ಬರ್ತಾನ. ಅವಂಗೂ ತೋರಸಬೇಕು." ಮರಿ ಹಾರುವ ತನಕ ಹೀಗೇ. ಅಷ್ಟರಲ್ಲಿ ಮೇಲಿನಿಂದ ನೀರು ಬಂದರೆ ಎಲ್ಲವೂ ಒಂದೇ ಸಂಜೆಗೆ ಮುಗಿದುಹೋಗಬಹುದು. ಅದಕ್ಕೆ ಯಾವ ದುರ್ಬೀನೂ ಇಲ್ಲ.

ಹೊರಡುವ ಮುಂಚೆ ಫೋಟೋ ಬೇಕೆಂದು ಮೊಬೈಲ್ ತೆಗೆಯುತ್ತೇನೆ. ಪುರವಣಿಯವರು ದೊಡ್ಡ ಚಿತ್ರ ಕೇಳಿದ್ದಾರೆ. ದುರ್ಬೀನಿನ ಪಕ್ಕದಲ್ಲಿ, ಹಿಂದೆ ನಡುಗಡ್ಡೆ ಕಾಣುವಂತೆ, ಒಂದು ನಿಮಿಷ ಎದ್ದು ನಿಲ್ಲಿ ಎನ್ನುತ್ತೇನೆ. ಇಷ್ಟೆಲ್ಲ ಕೇಳಿದ ಮೇಲೂ ನಾನು ಹಾಗೆ ಹೇಳಿದೆನಲ್ಲ!

ಗಿರಿಮಲ್ಲಪ್ಪ ಸಿಟ್ಟಾಗುವುದಿಲ್ಲ. ದಣಿದ ಕಣ್ಣುಗಳಲ್ಲಿ ನನ್ನನ್ನು ನೋಡಿ ಸಣ್ಣಗೆ ನಗುತ್ತಾರೆ. ಬೇಕಾದರೆ ಹಿಂದಿನಿಂದ ಹೊಡೆದುಕೊಳ್ಳಿ ಎನ್ನುತ್ತಾರೆ. ಈ ಬರಹದ ಜೊತೆಗೆ ತಲೆಗೆ ಸುತ್ತಿದ ಒಂದು ಹಳೆಯ ಟವೆಲು, ಬಗ್ಗಿದ ಕುತ್ತಿಗೆ ಮತ್ತು ಕಸಬರಿಗೆ ಕಡ್ಡಿ ಮಾತ್ರ ಅಚ್ಚಾಗಿದ್ದರೆ ಅದು ಛಾಯಾಗ್ರಾಹಕನ ತಪ್ಪಲ್ಲ.

ಹೆಸರು ಬರುತ್ತದೆ, ಊರಿನವರು ಓದುತ್ತಾರೆ, ಒಮ್ಮೆಯಾದರೂ ಮುಖ ಕಂಡರೆ ತಂಗೆವ್ವನಿಗೂ ಸಂತೋಷವಲ್ಲವೇ ಎಂದು ಕೊನೆಯದಾಗಿ ಕೇಳಿ ನೋಡುತ್ತೇನೆ. ಅಷ್ಟರಲ್ಲಿ ಅವರು ಮತ್ತೆ ದುರ್ಬೀನಿಗೆ ಬಗ್ಗಿಯಾಗಿದೆ.

"ಆಕಿ ನನ್ನ ಮಾರಿ ದಿನಾ ನೋಡ್ಯಾಳ, ಬಿಡ್ರಿ," ಎನ್ನುತ್ತಾರೆ. "ಇವು ಮರಿ ಕಟಗೊಂಡ ಹಾರಿ ಹೋಗೂತನಕ, ಇಲ್ಲೊಬ್ಬಂವ ಕುಂತಿದ್ದ ಅಂತ ಇವಕ್ಕ ಗೊತ್ತಾಗಬಾರದ್ರಿ. ಅಷ್ಟ ಆದ್ರ ನನ್ನ ಕೆಲಸ ಛಲೋ ಆತು ಅಂತ ತಿಳಕೋತೇನಿ. ಈಗ ನೀವು ಹೋಗ್ರಿ. ಬಗ್ಗೇ ಹೋಗ್ರಿ."